ಬದುಕಿದ್ದವರ ಫೋಟೋಗೆ ಹಾರ

ಹಾಲು ತರಲು ಹೊರಟ ಕಸ್ತೂರಮ್ಮ ದಾವಣಗೆರೆಯ ಕೆ.ಬಿ. ಬಡಾವಣೆಯ ಸರ್ಕಲ್ಲಿನಲ್ಲಿ ಗಕ್ಕನೆ ನಿಂತಳು. ಅಲ್ಲಿ ಫ್ಲೆಕ್ಸ್ ಕಟ್ಟುವುದೇನೂ ಹೊಸದಲ್ಲ. ಹುಟ್ಟುಹಬ್ಬಕ್ಕೊಂದು, ಸೊಸೈಟಿಯ ನಿರ್ದೇಶಕನಾಗಿ ಆರಿಸಿ ಬಂದಿದ್ದಕ್ಕೊಂದು, ಯಾರಾದರೂ ಸತ್ತರಂತೂ ಹೆಣ ಎತ್ತುವುದರೊಳಗೆ ಒಂದು. ಆದರೆ ಇವತ್ತಿನ ಫ್ಲೆಕ್ಸಿನಲ್ಲಿದ್ದ ಮುಖಗಳು ಈ ಊರಿನವಲ್ಲ. ಹಳದಿ ಬಟ್ಟೆಯನ್ನು ತಲೆ ತುಂಬ ಹೊದ್ದ ದೊಡ್ಡಾಕೆ ಒಬ್ಬಳು, ಹಲ್ಲು ಕಾಣುವಂತೆ ನಗುತ್ತಿದ್ದ ಹುಡುಗಿ ಒಬ್ಬಳು. ಇಬ್ಬರ ಮುಂದೆ ಉರಿಯುವ ದೀಪದ ಚಿತ್ರ. ಮೇಲೆ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ, ಸೂಡಾನ್ ದೇಶದ ಜನಾಂಗ ಹತ್ಯೆಯಲ್ಲಿ ಮಡಿದ ನಮ್ಮ ಅಸದ್ ಅವರ ತಾಯಿ ಹಲೀಮಾ ಮತ್ತು ತಂಗಿ ಆಮ್ನಾ ಎಂದು ಬರೆದಿತ್ತು. ಮೂಲೆಯಲ್ಲಿ 'ದುಃಖತಪ್ತ ಪುತ್ರ' ಎಂದು, ಅವಳ ಮನೆಯಲ್ಲೇ ಬಾಡಿಗೆಗಿದ್ದ ಅಸದನ ಫೋಟೋ. ಸುತ್ತಲೂ ವಿಶ್ವ ಶಾಂತಿ ವೇದಿಕೆಯ ಪದಾಧಿಕಾರಿಗಳು ಕೈ ಮುಗಿದು ನಿಂತಿದ್ದರು. ಅಧ್ಯಕ್ಷ ಗುರುಮೂರ್ತಿಯ ಮುಖ ಆ ಇಬ್ಬರು ಹೆಂಗಸರ ಮುಖಕ್ಕಿಂತ ದೊಡ್ಡದಾಗಿತ್ತು.

ಮಡಿದರಂತೆ! ಯಾರು ಕಂಡರು? ಹಲೀಮಾಳೂ ಆಮ್ನಾಳೂ ಸತ್ತ ಸುದ್ದಿ ಯಾರಿಗೂ ಬಂದಿರಲಿಲ್ಲ. ಅವರ ಊರು ಹಗೆಗಳ ಕೈಗೆ ಬಿದ್ದ ಮೇಲೆ ಫೋನ್ ಹೋಗುತ್ತಿರಲಿಲ್ಲ, ಅಷ್ಟೆ. ಕಸ್ತೂರಮ್ಮನ ಮೈಯೆಲ್ಲ ಉರಿದುಹೋಯಿತು. ಜೀವ ಇರುವವರ ಫೋಟೋಗೆ ಹೂವು ಏರಿಸಿದರೆ ಮನೆಯ ಮಕ್ಕಳಿಗೂ ಬೈಯುವ ಹೆಂಗಸು ಅವಳು. ಹಾಲಿನ ಕ್ಯಾನನ್ನು ಕಟ್ಟೆಯ ಮೇಲಿಟ್ಟು, ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ಬಿಚ್ಚಲು ನೋಡಿದಳು. ಗಂಟು ಬಿಗಿಯಾಗಿತ್ತು. ಹಲ್ಲು ಹಾಕಿ ಎಳೆದಳು. ವಾಕಿಂಗಿಗೆ ಹೊರಟಿದ್ದ ಬಕ್ಕೇಶಪ್ಪ ಮೇಷ್ಟ್ರು ಓಡಿ ಬಂದರು.

"ಏನ್ರಿ ಕಸ್ತೂರಮ್ಮಾರೆ, ಸತ್ತೋರ ಫ್ಲೆಕ್ಸ್ ಕೀಳಬಾರದ್ರಿ, ಪಾಪ!"

"ಸತ್ತೋರದ್ದಲ್ರಿ ಇದು. ಅದಕ್ಕ ಕೀಳ್ತಾ ಇರೋದು."

ಕಸ್ತೂರಮ್ಮನದು ಎರಡನೇ ಅಡ್ಡರಸ್ತೆಯಲ್ಲಿ ಖಾನಾವಳಿ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು. ಗಂಡ ಕೊಟ್ಟೂರೇಶ್ ಗಲ್ಲಾದ ಮೇಲೆ ಕೂತು ಬಂದವರಿಗೆಲ್ಲ ಹೌದೌದು ಎನ್ನುವ ಮನುಷ್ಯ. ಮಾತೆಲ್ಲ ಹೆಂಡತಿಯದೇ. ನಾಲ್ಕು ವರ್ಷದ ಹಿಂದೆ ಫಾರ್ಮಸಿ ಓದಲು ಬಂದ ಅಸದ್ ಮೊದಲ ದಿನ ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ಪಿಳಿಪಿಳಿ ನೋಡುತ್ತ ಕೂತಿದ್ದ. ಆರು ತಿಂಗಳಲ್ಲಿ ಅವನು ರೊಟ್ಟಿ ಮುರಿಯುವುದಷ್ಟೇ ಅಲ್ಲ, "ಅಮ್ಮ, ಇವತ್ತು ಪಲ್ಯಕ್ಕ ಉಪ್ಪು ಕಮ್ಮಿ ಆತ್ ನೋಡು" ಎಂದು ತಕರಾರು ಮಾಡುವಷ್ಟು ದಾವಣಗೆರೆಯವನಾಗಿದ್ದ. ಮೇಲಿನ ಕೋಣೆಯನ್ನು ಅವನಿಗೇ ಬಾಡಿಗೆಗೆ ಕೊಟ್ಟರು.

ಅವನ ಊರು ಎಲ್ ಫಾಶರ್, ದಾರ್ಫರ್ ಸೀಮೆಯಲ್ಲಿ ದೊಡ್ಡದು. ಒಂದೂವರೆ ವರ್ಷ ಅದನ್ನು ಒಂದು ಬಂದೂಕಿನ ಪಡೆ ಸುತ್ತುಗಟ್ಟಿತ್ತು. ಅಸದನ ಜನರಂಥ ಕಪ್ಪು ಬುಡಕಟ್ಟುಗಳನ್ನು ನೆಲದಿಂದಲೇ ಅಳಿಸಬೇಕೆಂದು ಹೊರಟ ಪಡೆ ಅದು. ಊರಿನ ಸುತ್ತ ಮಣ್ಣಿನ ಒಡ್ಡು ಹಾಕಿ, ಒಳಗೆ ಕಾಳು ಹೋಗದಂತೆ, ಹೊರಗೆ ಜನ ಬರದಂತೆ ಮಾಡಿದರು. ಒಂದು ದಿನ ಅಸದ್ ತಟ್ಟೆಯಲ್ಲಿದ್ದ ಚಟ್ನಿಯನ್ನು ಪಕ್ಕಕ್ಕೆ ಸರಿಸಿದ.

"ಯಾಕಪ್ಪಾ, ಖಾರ ಆತಾ?"

"ಇಲ್ಲಮ್ಮ. ಶೇಂಗಾದ ಎಣ್ಣೆ ತೆಗೆದ ಮ್ಯಾಲೆ ಗಟ್ಟಿ ಉಳಿತೈತಲ್ಲ, ನಮ್ಮವ್ವ, ತಂಗಿ ಅದನ್ನ ನೆನೆಸಿ ತಿಂತಾ ಅದಾರೆ."

"ಎಮ್ಮಿಗೆ ಹಾಕೋದಾ?"

"ಹೂನಮ್ಮ. ಈಗ ಅದೂ ಸಿಗಂಗಿಲ್ಲ ಅಂತೆ."

ಆಮೇಲೆ ಕಸ್ತೂರಮ್ಮ ದಿನವೂ ಸುದ್ದಿ ಕೇಳತೊಡಗಿದಳು. ಅಸದ್ ಫೋನಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮುತ್ತಿಗೆ ತೆಗೆಯಿರಿ ಎಂದು ನಿರ್ಣಯ ಮಾಡಿತ್ತು. ಮಾಡಿ ಎದ್ದು ಮನೆಗೆ ಹೋಗಿತ್ತು. ಅಮೆರಿಕ ಇದು ಜನಾಂಗ ಹತ್ಯೆಯೇ ಎಂದು ಬಾಯಿಬಿಟ್ಟು ಹೇಳಿತ್ತು. ಹೇಳಿದ ಮೇಲೆ ಏನಾದರೂ ಮಾಡಬೇಕಲ್ಲ, ಅದು ಯಾರ ಕೆಲಸ ಎಂಬುದು ಯಾರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಪಡೆಗೆ ಬಂದೂಕು ಸಿಗುವುದು ನಿಲ್ಲಲಿಲ್ಲ, ಊರಿಗೆ ಕಾಳು ಹೋಗುವುದು ಶುರುವಾಗಲಿಲ್ಲ.

"ಇವತ್ತು ಎಲ್ಲಾ ದೇಶದೋರು ತೀವ್ರ ಕಳವಳ ಅಂದಾರಮ್ಮ," ಎಂದ ಅಸದ್.

"ಊಟ ಕಳಿಸಿದ್ರಾ?"

"ಇಲ್ಲ."

"ಮತ್ತೇನು ಮಾಡಿದ್ರು?"

"ಕಳವಳ ಮಾಡ್ಕೊಂಡ್ರು, ಅಷ್ಟ."

ದೂರದ ದೇಶದವರ ಹಣೆಬರಹ ಹೀಗಾದರೆ ಹತ್ತಿರದವರದ್ದೇನು ಮಹಾ! ಶಿವರಾತ್ರಿಯ ಹೊತ್ತಿಗೆ, ಊರಿಂದ ತಪ್ಪಿಸಿಕೊಂಡು ಬರುವ ದಾರಿ ಇನ್ನೂ ಒಂದೆರಡು ತೆರೆದಿದ್ದಾಗ, ಇಲ್ಲಿಯ ನರ್ಸಿಂಗ್ ಕಾಲೇಜೊಂದು ಆಮ್ನಾಳಿಗೆ ಸೀಟು ಕೊಡುತ್ತೇವೆ ಎಂದಿತ್ತು. ವೀಸಾಕ್ಕೆ ದಿಲ್ಲಿಯಲ್ಲಿ ಯಾರಾದರೂ ಒಂದು ಮಾತು ಹೇಳಬೇಕಿತ್ತು. ಕಸ್ತೂರಮ್ಮ ಅಸದನನ್ನು ಕರೆದುಕೊಂಡು ಗುರುಮೂರ್ತಿಯ ಟೈಲ್ಸ್ ಅಂಗಡಿಗೆ ಹೋದಳು. ಅವನಿಗೆ ದಿಲ್ಲಿಯವರೆಲ್ಲ ಏಕವಚನದ ಗೆಳೆಯರು ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಕಾಫಿ ತರಿಸಿದ, ಬಹಳ ನೊಂದುಕೊಂಡ, ಅಸದನ ಫೋನಿನಿಂದ ತಾಯಿ ತಂಗಿಯ ಫೋಟೋ ತನ್ನ ಫೋನಿಗೆ ಹಾಕಿಸಿಕೊಂಡ. ಫೋಟೋ ತೋರಿಸಿ ಮಾತಾಡಿದರೆ ಮನಸ್ಸು ಕರಗುತ್ತದೆ ಎಂದ. ಆಮೇಲೆ ಹೋದಾಗಲೆಲ್ಲ ಪಾರ್ಲಿಮೆಂಟ್ ಸೆಷನ್ ನಡೆದಿದೆ, ದಿಲ್ಲಿಯ ಸಾಹೇಬರು ಪ್ರವಾಸದಲ್ಲಿದ್ದಾರೆ, ಹಬ್ಬ ಮುಗಿಯಲಿ. ದೀಪಾವಳಿ ಮುಗಿಯುತ್ತಲೇ ಎಲ್ ಫಾಶರ್ ಬಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿದ್ದವರನ್ನೂ ಬಿಡಲಿಲ್ಲ ಎಂದು ಸುದ್ದಿ ಬಂತು. ಉಪಗ್ರಹದ ಚಿತ್ರದಲ್ಲಿ ನೆಲ ಅಲ್ಲಲ್ಲಿ ಕೆಂಪಾಗಿ ಕಾಣುತ್ತಿದೆ ಎಂದು ಟಿವಿಯವರು ಬಾಣದ ಗುರುತು ಹಾಕಿ ತೋರಿಸಿದರು. ಜೀವಂತ ಜನ ಒಂದೂವರೆ ವರ್ಷ ಕೂಗಿಕೊಂಡಿದ್ದು ಯಾರಿಗೂ ಕಾಣಲಿಲ್ಲ, ರಕ್ತ ಮಾತ್ರ ಆಕಾಶದಿಂದಲೂ ಕಂಡಿತು. ಥೂ!

ಗುರುಮೂರ್ತಿ ಆ ಫೋಟೋವನ್ನು ಮರೆತಿರಲಿಲ್ಲ ಎಂಬುದು ಫ್ಲೆಕ್ಸ್ ನೋಡಿದ ಮೇಲೆ ಗೊತ್ತಾಯಿತು.

ಫ್ಲೆಕ್ಸನ್ನು ಕಿತ್ತು ಸುರುಳಿ ಸುತ್ತಿ ಮನೆಗೆ ತಂದರೆ ಏನು ಬಂತು? ಅದು ಅಷ್ಟರಲ್ಲಾಗಲೇ ವೇದಿಕೆಯ ಫೇಸ್‌ಬುಕ್ಕಿನಲ್ಲಿ ಓಡಾಡುತ್ತಿತ್ತು. ಅಸದ್ ಕೋಣೆಯಿಂದ ಇಳಿದು ಬಂದಾಗ ಅವನ ಕೈಯಲ್ಲಿ ಫೋನ್ ಗುಂಯ್‌ಗುಡುತ್ತಿತ್ತು. ಪುಣೆಯಿಂದ, ಹೈದರಾಬಾದಿನಿಂದ, ಕೈರೋದಿಂದ ಅವನ ದೇಶದವರು ಸಮಾಧಾನ ಹೇಳಿ ಕಳಿಸುತ್ತಿದ್ದರು.

"ಅಮ್ಮ," ಎಂದ ಅವನು, "ಇದ್ರೀಸ್ ಹುಡುಕೋದು ಬಿಟ್ನಂತೆ."

ಇದ್ರೀಸ್ ಅವನ ದೊಡ್ಡಪ್ಪನ ಮಗ. ಮೊದಲೇ ತಪ್ಪಿಸಿಕೊಂಡು ತವೀಲಾ ಎಂಬಲ್ಲಿಯ ಶಿಬಿರ ಸೇರಿದ್ದ. ಊರು ಬಿದ್ದ ಮೇಲೆ ಜೀವ ಉಳಿಸಿಕೊಂಡವರು ನಡೆದು ಬರುತ್ತಿದ್ದುದು ಅಲ್ಲಿಗೇ. ಲಕ್ಷಾಂತರ ಜನ, ಕಣ್ಣು ಹಾಯುವಷ್ಟು ದೂರ ಕಡ್ಡಿ, ಗೋಣಿ, ಹರಿದ ಬಟ್ಟೆಯ ಗುಡಾರ. ಇದ್ರೀಸ್ ದಿನವೂ ಒಂದೊಂದು ಸಾಲು ಹಿಡಿದು, ಹಲೀಮಾ, ಆಮ್ನಾ ಎಂದು ಕೂಗುತ್ತ ಹೋಗುತ್ತಿದ್ದ. ಈಗ ಫ್ಲೆಕ್ಸಿನ ಚಿತ್ರ ಅವನಿಗೂ ಮುಟ್ಟಿತ್ತು. ಅಸದನ ಮುಖವೇ ಅದರಲ್ಲಿದ್ದ ಮೇಲೆ ಸುದ್ದಿ ಮಗನಿಗೇ ಬಂದಿದೆ ಎಂದುಕೊಂಡ. ಗುಡಾರದಲ್ಲಿ ಚಾಪೆ ಹಾಸಿ, ಅವರ ಪದ್ಧತಿಯಂತೆ ಸೂತಕಕ್ಕೆ ಕೂತುಬಿಟ್ಟ.

"ಸುಳ್ಳು ಅಂತ ಹೇಳೋ ಮಾರಾಯ!"

"ಹೇಳಿದೆ. ನಂಬಂಗಿಲ್ಲ. ದುಃಖದಾಗ ಎಲ್ಲರೂ ಹಂಗ ಅಂತಾರೆ, ದೇವರು ನಿನಗ ತಾಳ್ಮೆ ಕೊಡ್ಲಿ ಅಂತ ಕಳಿಸ್ಯಾನೆ. ಅಲ್ಲಿ ನೆಟ್ ಬರೋದ ಅಪರೂಪ, ಮತ್ತ ಹೋತು." ಅಸದ್ ಫೋನನ್ನು ಅವಳ ಕಡೆ ಚಾಚಿದ. "ಸತ್ತಾರೆ ಅಂದೋರೇ ಸತ್ತಿಲ್ಲ ಅನ್ನಬೇಕಮ್ಮ. ಆಗ ನಂಬ್ತಾನೆ."

ಕಸ್ತೂರಮ್ಮ ಒಲೆಯನ್ನು ಕೆಲಸದವಳಿಗೆ ಬಿಟ್ಟು, ಉಟ್ಟ ಸೀರೆಯಲ್ಲೇ ಅಸದನ ಬೈಕು ಹತ್ತಿದಳು. ಗುರುಮೂರ್ತಿ ಅಂಗಡಿಯಲ್ಲಿ ಆಹ್ವಾನ ಪತ್ರಿಕೆ ತಿದ್ದುತ್ತ ಕೂತಿದ್ದ. ಭಾನುವಾರ ಹರಿಹರದಲ್ಲಿ ಶ್ರದ್ಧಾಂಜಲಿ ಸಭೆ. ರಾಜ್ಯೋತ್ಸವದ ತಿಂಗಳು, ದಾವಣಗೆರೆಯಲ್ಲಿ ಹಾಲ್ ಒಂದೂ ಖಾಲಿ ಇಲ್ಲ, ಅದಕ್ಕೇ ಹರಿಹರದ ಕಲ್ಯಾಣ ಮಂಟಪ.

"ಬರ್ರಿ ಬರ್ರಿ, ಕೂಡ್ರಿ ಅಕ್ಕಾರೆ. ಅಸದಪ್ಪ, ಧೈರ್ಯ ತಗೋಬೇಕಪ್ಪಾ. ಇಡೀ ಊರು ನಿನ್ನ ಹಿಂದೆ ಐತೆ."

"ಅವರು ಸತ್ತಿಲ್ಲ ಸಾರ್," ಎಂದ ಅಸದ್. "ಸತ್ತಿಲ್ಲ ಅಂತ ಒಂದು ವಿಡಿಯೋ ಮಾಡಿ ಹಾಕ್ರಿ. ತಪ್ಪಾಗೈತೆ ಅಂತ ಹೇಳ್ರಿ ಸಾಕು."

ಗುರುಮೂರ್ತಿ ಪೆನ್ನು ಕೆಳಗಿಟ್ಟ. "ಬದುಕಿದಾರೆ ಅಂತ ಏನಾದ್ರೂ ಪ್ರೂಫ್ ಐತಾ?"

"ಸತ್ತಾರೆ ಅಂತ ನಿಮ್ಮ ಹತ್ರ ಏನು ಪ್ರೂಫ್ ಇತ್ತು?" ಕಸ್ತೂರಮ್ಮನ ದನಿ ಅಂಗಡಿಯ ಹೊರಗೂ ಕೇಳಿತು.

"ಟಿವಿ ನೋಡ್ರಿ ಅಕ್ಕಾರೆ. ಅಲ್ಲಿ ಯಾರು ಉಳಿದಾರೆ? ಒಳ್ಳೆ ಮನಸ್ಸಿಂದ ಮಾಡಿದ್ದು ಇದು. ಈಗ ವಾಪಸ್ ತಗೊಂಡ್ರೆ ನಾಳೆ ನಮ್ಮ ವೇದಿಕೆ ಮಾತಿಗೆ ಏನು ಬೆಲೆ ಇರ್ತೈತೆ? ಸ್ವಾಮೀಜಿ ಒಪ್ಪ್ಯಾರೆ, ಸಾಹೇಬರು ಸಂದೇಶ ಕಳಿಸ್ತಾರೆ. ಕರೆಕ್ಟಾಗಿ ಮಾಹಿತಿ ಬರ್ಲಿ, ಆಮ್ಯಾಲೆ ಕಮಿಟಿ ಕರೀತೀನಿ."

ಸಾಯಿಸಲು ಒಂದು ಫ್ಲೆಕ್ಸ್ ಸಾಕು, ಬದುಕಿಸಲು ಕಮಿಟಿ ಬೇಕು. ಕಸ್ತೂರಮ್ಮನಿಗೆ ಅವನ ಮೇಜಿನ ಗಾಜನ್ನು ಒಡೆಯಬೇಕೆನ್ನಿಸಿತು. ಅಸದ್ ತೋಳು ಹಿಡಿದು ಹೊರಗೆ ಕರೆತಂದ. ಅವರು ಹೋಗುತ್ತಿದ್ದಂತೆ ಗುರುಮೂರ್ತಿ ಹಿಂದಿನಿಂದ ಕೂಗಿ ಹೇಳಿದ, ಭಾನುವಾರ ನಿಮಗೂ ಸನ್ಮಾನ ಐತೆ ಅಕ್ಕಾರೆ, ತಪ್ಪಿಸಬ್ಯಾಡ್ರಿ, ಫೇಸ್‌ಬುಕ್ ಲೈವ್ ಇರ್ತೈತೆ.

"ಹೋಗಬ್ಯಾಡ," ಎಂದ ಕೊಟ್ಟೂರೇಶ್, ಮನೆಯಲ್ಲಿ. "ಯಾಕ ಬೇಕು ನಮಗ ದೊಡ್ಡೋರ ಜೊತೆ."

"ಲೈವ್ ಇರ್ತೈತಂತೆ," ಎಂದಳು ಕಸ್ತೂರಮ್ಮ. "ಹೋಗೇ ಹೋಗ್ತೀನಿ."

ಭಾನುವಾರ ಹರಿಹರದ ಮಂಟಪ ತುಂಬಿತ್ತು. ಮದುವೆಗೆ ಕಟ್ಟಿದ ಬಲ್ಬಿನ ಸರ ಇನ್ನೂ ಬಿಚ್ಚಿರಲಿಲ್ಲ. ವೇದಿಕೆಯ ಮೇಲೆ ಆ ಇಬ್ಬರ ಫೋಟೋ, ದೊಡ್ಡ ಚೌಕಟ್ಟಿನಲ್ಲಿ, ಸುಗಂಧರಾಜದ ಹಾರ ಹಾಕಿ, ಮುಂದೆ ನಿಜವಾದ ದೀಪ. ಅಡುಗೆಮನೆಯಿಂದ ಕೇಸರಿಬಾತಿನ ತುಪ್ಪದ ವಾಸನೆ ಬರುತ್ತಿತ್ತು. ಒಬ್ಬರು ಪ್ರಪಂಚ ಒಂದೇ ಕುಟುಂಬ ಎಂದರು. ಇನ್ನೊಬ್ಬರು ಹಿಂಸೆ ಯಾವ ಕಡೆಯಿಂದ ಬಂದರೂ ಖಂಡನೀಯ ಎಂದರು. ಎರಡು ಕಡೆಯವರೂ ಕೂತು ಮಾತಾಡಬೇಕಂತೆ. ಒಂದು ಕಡೆ ಬಂದೂಕು, ಇನ್ನೊಂದು ಕಡೆ ಎಮ್ಮೆಯ ಮೇವು ತಿನ್ನುತ್ತಿದ್ದ ಹೆಂಗಸರು, ಇವರು ಎಲ್ಲಿ ಕೂತು ಏನು ಮಾತಾಡಬೇಕೋ! ಅಸದನನ್ನು ಮಧ್ಯದ ಕುರ್ಚಿಯಲ್ಲಿ ಕೂಡಿಸಿದ್ದರು. ಅವನು ತಾಯಿಯ ಫೋಟೋದ ಕಡೆ ತಿರುಗಲೇ ಇಲ್ಲ.

ಕೊನೆಗೆ ನಿರೂಪಕ, ಪರದೇಶದ ಮಗನಿಗೆ ಅನ್ನವಿಕ್ಕಿದ ಮಹಾತಾಯಿ ಎಂದು ಕಸ್ತೂರಮ್ಮನನ್ನು ಕರೆದ. ಅವಳು ಹತ್ತಿದಳು. ಗುರುಮೂರ್ತಿ ಶಾಲು ಹೊದಿಸಿದ, ಹಣ್ಣಿನ ಬುಟ್ಟಿ ಕೊಟ್ಟ. ಅವಳು ಬುಟ್ಟಿಯನ್ನು ಅವನ ಕೈಗೇ ವಾಪಸು ಇಟ್ಟು, ನೆಟ್ಟಗೆ ಫೋಟೋದ ಹತ್ತಿರ ಹೋಗಿ ಹಾರ ತೆಗೆದಳು. ದೀಪವನ್ನು ಸೆರಗಿನಿಂದ ಬೀಸಿ ಆರಿಸಿದಳು. ದೀಪ ಆರಿಸುವುದೆಂದರೆ ಅಪಶಕುನ, ಮುಂದಿನ ಸಾಲಿನ ಹೆಂಗಸರು ಎದೆಯ ಮೇಲೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ಮೈಕು ಅವಳ ಕೈಯಲ್ಲಿತ್ತು.

"ಇವರು ಸತ್ತಿದ್ದು ಇಲ್ಲಿ ಯಾರು ನೋಡೀರಿ? ನೋಡಿದೋರು ಕೈ ಎತ್ರಿ."

ಯಾರೂ ಎತ್ತಲಿಲ್ಲ.

"ಯಾರಿಗಾದ್ರೂ ಸುದ್ದಿ ಬಂದೈತಾ? ಇಲ್ಲ. ಬದುಕಿದ್ದಾಗ ಈ ಹುಡುಗ ಮನಿ ಮನಿ ಬಾಗಲಿಗೆ ಹೋದ. ನನ್ನ ತಂಗೀನ ಕರೆಸ್ರಿ, ನಮ್ಮವ್ವನ್ನ ಉಳಿಸ್ರಿ ಅಂದ. ಆವಾಗ ಒಬ್ಬರ ಹತ್ರಾನೂ ಟೈಮ್ ಇರಲಿಲ್ಲ. ಈಗ ಅಳಾಕ ಇಷ್ಟು ಜನ ಬಂದೀರಿ, ಸ್ಟೇಜು ಹಾಕೀರಿ, ಸೀ ಅಡಿಗಿ ಮಾಡಿಸೀರಿ! ಜೀವ ಇರೋರಿಗೆ ಹಾರ ಹಾಕೀರಲ್ಲ, ನಿಮ್ಮ ತಾಯಿ ಫೋಟೋಗ ಹಿಂಗ ಹಾಕ್ತೀರಾ? ಹಾಕ್ರಿ ನೋಡೋಣು!" ಉಸಿರು ಎಳೆದುಕೊಂಡು ಅಸದನ ಕೈಗೆ ಮೈಕು ಕೊಟ್ಟಳು. "ಹೇಳಪ್ಪಾ. ನಿಮ್ಮ ಮಾತಿನಾಗ ಹೇಳು. ಇದ್ರೀಸಗ ಕೇಳಬೇಕು."

ಅಸದ್ ಎದ್ದು ನಿಂತ. ಮಂಟಪದ ಕಡೆ ನೋಡದೆ, ಲೈವ್ ಹಿಡಿದಿದ್ದ ಫೋನಿನ ಹತ್ತಿರ ಹೋಗಿ, ಅದರೊಳಗೇ ಮುಖ ಇಟ್ಟವನಂತೆ ತನ್ನ ಭಾಷೆಯಲ್ಲಿ ಮಾತಾಡಿದ. ಇದ್ರೀಸ್ ಎಂಬ ಹೆಸರೊಂದು ಬಿಟ್ಟು ಯಾರಿಗೂ ಏನೂ ತಿಳಿಯಲಿಲ್ಲ. ಮೊದಲು ಬೇಡಿಕೊಂಡ, ಆಮೇಲೆ ಕೂಗಿದ, ಕೊನೆಗೆ ಅತ್ತ. ಮುಗಿಸುತ್ತಲೇ ಮಂಟಪವೆಲ್ಲ ಚಪ್ಪಾಳೆ ಹೊಡೆಯಿತು. ಪ್ರಾರ್ಥನೆ ಹೇಳಿದನೆಂದು ತಿಳಿದಿದ್ದರು.

ಗುರುಮೂರ್ತಿ ಮೈಕು ತೆಗೆದುಕೊಂಡು, ತಾಯಿ ಹೃದಯದ ಭಾವುಕ ಮಾತುಗಳನ್ನು ಕೇಳಿದೆವು, ಈಗ ಎಲ್ಲರೂ ಪ್ರಸಾದ ಸ್ವೀಕರಿಸಿ ಎಂದ.

ಆದರೆ ಲೈವ್ ಲೈವೇ. ಅದು ಹೋಗಬೇಕಾದ ಕಡೆ ಹೋಯಿತು. ತವೀಲಾದಲ್ಲಿ ನೆಟ್ ಬಂದ ದಿನ ಇದ್ರೀಸ್ ನೋಡಿದ, ಹಾರ ಹಾಕಿದ ಸಭೆಯಲ್ಲೇ ಹಾರ ತೆಗೆದದ್ದು ಕಂಡು ನಂಬಿದ. ಚಾಪೆ ಸುತ್ತಿಟ್ಟು ಎದ್ದ. ಎಲ್ಲಿಗೆ ನಿಲ್ಲಿಸಿದ್ದನೋ ಅದರ ಮುಂದಿನ ಸಾಲಿನಿಂದ ಮತ್ತೆ ಕೂಗುತ್ತ ಹೊರಟ. ಕಸ್ತೂರಮ್ಮ ಅಷ್ಟು ದಿನವೂ ಫೋನಿನ ಸದ್ದಾದರೆ ಸಾಕು, ರೊಟ್ಟಿ ಹೆಂಚಿನ ಮೇಲೇ ಬಿಟ್ಟು ಮೆಟ್ಟಿಲ ಬಳಿಗೆ ಓಡುತ್ತಿದ್ದಳು. ಒಂದು ಮಧ್ಯಾಹ್ನ ಊಟದ ಗಿರಾಕಿಗಳು ಕೂತಿರುವಾಗಲೇ ಅಸದ್ ಮೆಟ್ಟಿಲಿಳಿದು ಬಂದ. ಅವನ ಮುಖದಲ್ಲಿ ನಗು ಇತ್ತೋ ಅಳು ಇತ್ತೋ ಅವಳಿಗೆ ತಿಳಿಯಲಿಲ್ಲ.

"ಆಮ್ನಾ ಸಿಕ್ಕಳಮ್ಮ."

"ಅವ್ವ?"

ಅವನು ಊಟದ ಬೆಂಚಿನ ಮೇಲೆ ಕೂತ. ಕಸ್ತೂರಮ್ಮ ಅವನ ತಲೆ ಹಿಡಿದುಕೊಂಡಳು. ಸ್ವಲ್ಪಸ್ವಲ್ಪವಾಗಿ ಹೊರಗೆ ಬಂತು. ಇಬ್ಬರೂ ಊರಿಂದ ಜೀವಂತ ಹೊರಬಿದ್ದಿದ್ದರು. ರಾತ್ರಿ ನಡೆದು, ಹಗಲು ಅಡಗಿ, ತವೀಲಾ ಮುಟ್ಟಿದ್ದರು. ಶಿಬಿರದ ಆ ತುದಿಯಲ್ಲಿ, ಹೊಸದಾಗಿ ಬಂದವರ ಗುಡಾರಗಳಲ್ಲಿ ಇದ್ದರು. ಹಲೀಮಾಗೆ ಕಾಲರಾ ಬಂತು. ಶಿಬಿರದಲ್ಲಿ ಆಸ್ಪತ್ರೆ ಇತ್ತು, ಔಷಧವೂ ಇತ್ತು, ಎತ್ತಿಕೊಂಡು ಹೋಗುವವರು ಇರಲಿಲ್ಲ. ಆಮ್ನಾ ಒಬ್ಬಳೇ ಎಳೆಯಲು ನೋಡಿದಳು, ಆಗಲಿಲ್ಲ. ತಾಯಿ ಸತ್ತಿದ್ದು ಇದ್ರೀಸ್ ಅವಳ ಹೆಸರಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ದಿನಗಳಲ್ಲಿ. ಅವನು ಕೂತಿದ್ದ ಜಾಗಕ್ಕೂ ಅವಳಿದ್ದ ಗುಡಾರಕ್ಕೂ ನಡೆದರೆ ಅರ್ಧ ಗಂಟೆಯ ದಾರಿ.

ಕಸ್ತೂರಮ್ಮ ಒಲೆ ಆರಿಸಿದಳು. ಗಿರಾಕಿಗಳು ತಾವಾಗಿಯೇ ಎದ್ದು ಹೋದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಎದುರು ಮನೆಯವರು ಅನ್ನ ಸಾರು ತಂದಿಟ್ಟು, ಮಾತಾಡದೆ ಹೋದರು. ಅದೊಂದೇ ಆ ದಿನದ ಮರ್ಯಾದೆಯ ಕೆಲಸ.

ಮರುದಿನ ಗುರುಮೂರ್ತಿ ಕಾರಿನಲ್ಲಿ ಬಂದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡೇ ಒಳಗೆ ಬಂದು ಅಸದನ ಪಕ್ಕ ಕೂತ. ನಿಟ್ಟುಸಿರುಬಿಟ್ಟ. ಆಮೇಲೆ ಕೊಟ್ಟೂರೇಶನ ಕಡೆ ತಿರುಗಿ, ಸಮಾಧಾನದ ದನಿಯಲ್ಲಿ ಹೇಳಿದ.

"ಅವತ್ತು ಅಕ್ಕಾರು ಬಾಳ ಸಿಟ್ಟು ಮಾಡಿಕೊಂಡ್ರು. ಈಗ ನೋಡ್ರಿ, ನಾವು ಹಾಕಿದ್ದು ಪೂರ್ತಿ ಸುಳ್ಳೇನೂ ಆಗಲಿಲ್ಲ. ತಂಗಿ ಫೋಟೋ ಒಂದು ತೆಗೆದುಬಿಟ್ರೆ ಅದೇ ಫ್ಲೆಕ್ಸ್ ನಡೀತೈತೆ."

ಕೊಟ್ಟೂರೇಶ್ ಜೀವನದಲ್ಲಿ ಮೊದಲ ಸಲ ಹೌದೌದು ಎನ್ನಲಿಲ್ಲ. ಅಸದ್ ನೆಲ ನೋಡುತ್ತಿದ್ದ.

ಕಸ್ತೂರಮ್ಮ ಕೂಗಲಿಲ್ಲ. "ನೀವು ಫ್ಲೆಕ್ಸ್ ಕಟ್ಟಿಸಿದ ದಿನ ಆಕಿ ಬದುಕಿದ್ಲು," ಎಂದಳು. "ಯಾರಾದ್ರೂ ಬರ್ತಾರೆ ಅಂತ ದಾರಿ ನೋಡ್ತಿದ್ಲು. ಬರೋನನ್ನ ನಿಲ್ಲಿಸಿದೋರು ನೀವು."

"ಅಕ್ಕಾರೆ, ಹಂಗಂದ್ರೆ ಹೆಂಗ್ರಿ. ನನಗೂ ನೋವು..."

"ನಿಮ್ಮ ನೋವು ಕಾರಿನಾಗ ಇಟ್ಟು ಬರ್ರಿ. ಒಬ್ಬಳು ಇನ್ನೂ ಬದುಕ್ಯಾಳೆ. ಒಬ್ಬಳೇ ಗುಡಾರದಾಗ ಅದಾಳೆ. ಆಕೀನ ಇಲ್ಲಿಗೆ ಕರೆಸಾಕ ಏನು ಮಾಡ್ತೀರಿ, ಅದು ಹೇಳ್ರಿ."

ಗುರುಮೂರ್ತಿ ಮುಖ ಸಣ್ಣದು ಮಾಡಿದ. "ಮನೆಯಾಗ ದುಃಖ ಐತೆ. ಇಂಥ ಹೊತ್ತಿನಾಗ ಆ ಮಾತು ಬ್ಯಾಡ ಅಕ್ಕಾರೆ. ಎಲ್ಲಾ ತಣ್ಣಗಾಗ್ಲಿ."

ಕಸ್ತೂರಮ್ಮ ಬಾಗಿಲಿಗೆ ಹೋದಳು. ಅವನ ಚಪ್ಪಲಿಗಳನ್ನು ಕೈಯಲ್ಲೇ ಎತ್ತಿ ಒಳಗೆ ತಂದು ಹಿಟ್ಟಿನ ಡಬ್ಬದ ಹಿಂದೆ ಒಗೆದಳು. ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಒಂದು ಸ್ಟೂಲು ಎಳೆದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ದಿಲ್ಲಿಗೆ ಫೋನ್ ಹಚ್ರಿ," ಎಂದಳು. "ತಣ್ಣಗಾದೋರು ಸಾಕಷ್ಟು ಆಗ್ಯಾರೆ."

"ಈಗ ಸಾಹೇಬರು ಊಟಕ್ಕ..."

"ಊಟಕ್ಕ ಕೂತ್ರೆ ಇನ್ನೂ ಛಲೋ. ಹೊಟ್ಟಿ ಅಂದ್ರೆ ಏನು ಅಂತ ನೆನಪಿರ್ತೈತೆ. ಹಚ್ರಿ."

ಗುರುಮೂರ್ತಿ ಅಸದನನ್ನು ನೋಡಿದ, ಕೊಟ್ಟೂರೇಶನನ್ನು ನೋಡಿದ. ಯಾರೂ ಅವನ ಪರವಾಗಿ ಏಳಲಿಲ್ಲ. ಬಹಳ ಹೊತ್ತು ಹುಡುಕಿ ಒಂದು ನಂಬರ್ ಒತ್ತಿದ. ಫೋನನ್ನು ಕಿವಿಗೆ ಇಡಲು ಹೋದವನ ಕೈ ಹಿಡಿದು ಅಸದ್ ಅದನ್ನು ಮೇಜಿನ ಮೇಲೆ ಇಡಿಸಿದ, ಸ್ಪೀಕರ್ ಹಾಕಿದ. ಆ ಕಡೆ ರಿಂಗಾಗತೊಡಗಿತು.